ಸೌಂಡ್ ಓಕೆ

ಬಸ್ಸಿನ ಎಂಜಿನಿನ ವಾಲ್ವ್ ಕವರಿನ ಕೊನೆಯ ನಟ್ಟು ಬಿಚ್ಚಿ ಮುಚ್ಚಳ ಎತ್ತಿದ ಕೂಡಲೇ ಗುಣಪಾಲ ಟಾರ್ಚ್ ಬೆಳಕು ಒಳಗೆ ಬಿಟ್ಟ.

ಒಳಗೆ ಸಾಲಾಗಿ ಎಂಟು ರಾಕರ್ ಆರ್ಮ್‌ಗಳು. ನಾಲ್ಕನೆಯದು ನಡುವಿಗೇ ಮುರಿದಿತ್ತು. ಅದರ ತುಂಡು ಜಾರಿ ಐದನೆಯದರ ಕೆಳಗೆ ಸಿಕ್ಕಿಕೊಂಡಿತ್ತು. ಇದನ್ನು ಅವನು ಮೊದಲೇ ಊಹಿಸಿದ್ದ. ಊಹಿಸದೇ ಇದ್ದದ್ದು ಬೇರೆ. ಎಂಟಕ್ಕೆ ಎಂಟೂ ಹಳೆಯವು. ಎಣ್ಣೆ ಸುಟ್ಟು ಕಪ್ಪು ಹಿಡಿದವು, ತುದಿ ಸವೆದವು. ಗುರುವಾರ ಸಂಜೆ ಅವನ ಕಣ್ಣೆದುರೇ ಕೂರಿಸಿದ ಹೊಸ ಸೆಟ್ ಮಾಯವಾಗಿತ್ತು.

"ಎಂತ ಆಯ್ತು?" ಎಸ್‌ಐ ಚೈತಾಲಿ ಕೇಳಿದಳು.

"ಯಾರೋ ಬದಲಾಯಿಸಿದ್ದಾರೆ ಮೇಡಂ. ಹೊಸತು ತೆಗೆದು ಹಳೆಯದು ಇಟ್ಟಿದ್ದಾರೆ."

ಬೈಕಂಪಾಡಿಯ ಆ ಬಸ್ ವರ್ಕ್‌ಶಾಪಿನಲ್ಲಿ ಅದು ಭಾನುವಾರದ ಬೆಳಿಗ್ಗೆ. ಆರ್‌ಟಿಒ ಇನ್ಸ್‌ಪೆಕ್ಟರ್ ಬಗ್ಗಿ ಮುರಿದ ತುಂಡಿನ ಫೋಟೋ ತೆಗೆದರು.

ಹಿಂದಿನ ದಿನ, ಶನಿವಾರ ಹನ್ನೊಂದು ಗಂಟೆಗೆ, 'ಮನ್ವಿತಾ' ಹೆಸರಿನ ಈ ಸಿಟಿ ಬಸ್ಸು ಕಾವೂರಿನ ಏರಿನಲ್ಲಿ ಒಂದು ಲಾರಿಯನ್ನು ಹಿಂದೆ ಹಾಕಲು ಹೊರಟಿತ್ತು. ಅರ್ಧ ದಾರಿಯಲ್ಲಿ ಎಂಜಿನಿನ ಉಸಿರು ನಿಂತಿತು. ಎದುರಿನಿಂದ ಟ್ಯಾಂಕರ್. ಡ್ರೈವರ್ ಬಲಕ್ಕೆ ತಿರುಗಿಸಿ ಮೋರಿಯ ಗೋಡೆಗೆ ಗುದ್ದಿದ. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಡೆರಿಲ್ ರಸ್ತೆಗೆ ಬಿದ್ದ. ಸೊಂಟದ ಮೂಳೆ ಮುರಿದು ಈಗ ಐಸಿಯುನಲ್ಲಿದ್ದಾನೆ. ಅವನ ಮಗುವಿಗೆ ಇನ್ನೂ ನಾಲ್ಕು ತಿಂಗಳು.

"ಈ ಸಣ್ಣ ತುಂಡು ಎಂತ ಮಾಡ್ತದೆ? ನನಗೆ ಅರ್ಥ ಆಗುವ ಹಾಗೆ ಹೇಳಿ," ಎಂದಳು ಚೈತಾಲಿ.

ಗುಣಪಾಲ ಈ ವರ್ಕ್‌ಶಾಪಿನ ಫೋರ್‌ಮನ್. ಮೂವತ್ತೈದು ವರ್ಷದ ಸರ್ವೀಸು. ಎಂಜಿನಿನ ವಿಷಯ ಕೇಳಿದರೆ ಎಂಥ ದುಃಖದಲ್ಲೂ ಅವನ ನಾಲಗೆ ಚುರುಕಾಗುತ್ತದೆ.

"ಏತ ನೋಡಿದ್ದೀರಾ ಮೇಡಂ, ಗದ್ದೆಗೆ ನೀರು ಎತ್ತುವುದು? ಒಂದು ತುದಿ ಮೇಲೆ ಹೋದರೆ ಇನ್ನೊಂದು ಕೆಳಗೆ. ಇದೂ ಅಷ್ಟೇ. ಕೆಳಗೆ ಕ್ಯಾಮ್ ಶಾಫ್ಟ್ ತಿರುಗ್ತದೆ. ಅದು ಒಂದು ಸರಳನ್ನು ಮೇಲಕ್ಕೆ ದಬ್ತದೆ. ಸರಳು ರಾಕರಿನ ಈ ತುದಿಯನ್ನು ಎತ್ತುತ್ತದೆ, ಆ ತುದಿ ವಾಲ್ವನ್ನು ಒತ್ತುತ್ತದೆ. ವಾಲ್ವ್ ಅಂದರೆ ಬಾಗಿಲು. ತೆರೆದರೆ ಗಾಳಿ ಒಳಗೆ, ಹೊಗೆ ಹೊರಗೆ. ರಾಕರ್ ಮುರಿದರೆ ಬಾಗಿಲು ತೆರೆಯುವುದಿಲ್ಲ. ಇಲ್ಲಿ ನಾಲ್ಕು ಸಿಲಿಂಡರಿನಲ್ಲಿ ಎರಡರ ಬಾಗಿಲು ಒಟ್ಟಿಗೆ ಹೋಯ್ತು. ಅರ್ಧ ಎಂಜಿನ್ ಸತ್ತಿತು."

"ಮುರಿಯುವ ಮೊದಲು ಗೊತ್ತಾಗುವುದಿಲ್ವಾ?"

"ಗೊತ್ತಾಗ್ತದೆ. ಪಿಕಪ್ ಕಮ್ಮಿ ಆಗ್ತದೆ. ಎಂಜಿನ್ ಎಡವಿದ ಹಾಗೆ ಓಡ್ತದೆ. ಅದಕ್ಕಿಂತ ಮೊದಲು ಸೌಂಡ್. ಟಕ್ ಟಕ್ ಟಕ್. ನಮ್ಮವರು ಎಲ್ಲ ಟಕ್ ಟಕ್‌ಗೂ ಟ್ಯಾಪೆಟ್ ಸೌಂಡ್ ಅಂತ ಒಂದೇ ಹೆಸರು ಇಟ್ಟಿದ್ದಾರೆ. ಗೇಜ್ ಹಾಕಿ ರಾಕರಿಗೂ ವಾಲ್ವಿಗೂ ನಡುವಿನ ಸಂದು ಸರಿ ಮಾಡಿ ಬಿಡ್ತಾರೆ. ಕವರ್ ಒಳಗೆ ರಾಕರ್ ಹೇಗುಂಟು ಅಂತ ಕಣ್ಣು ಬಿಟ್ಟು ನೋಡುವುದಿಲ್ಲ."

ಅವನು ಗೇಜಿನ ತೆಳು ಪಟ್ಟಿಯನ್ನು ಒಂದನೆಯ ರಾಕರಿನ ತುದಿಗೂ ವಾಲ್ವಿಗೂ ನಡುವೆ ತೂರಿಸಿದ. ಹೇಳಿ ಮಾಡಿಸಿದ ಹಾಗೆ ಕೂತಿತು. ಎರಡನೆಯದೂ ಹಾಗೆಯೇ. ಅವನ ಹುಬ್ಬು ಗಂಟಾಯಿತು.

"ಅಳತೆ ಸರಿ ಉಂಟು. ಆದರೆ ತುದಿಯಲ್ಲಿ ಹೊಂಡ ಬಿದ್ದಿದೆ ನೋಡಿ. ಪಟ್ಟಿ ಹೊಂಡದ ಎರಡು ಅಂಚಿನ ಮೇಲೆ ಕಾಲುಸಂಕದ ಹಾಗೆ ಕೂರ್ತದೆ. ಹೊಂಡದ ಆಳ ಅದಕ್ಕೆ ಸಿಗುವುದಿಲ್ಲ. ಅಂದರೆ ಹಳೆಯದನ್ನು ಇಟ್ಟ ಮೇಲೆ ಯಾರೋ ಕೂತು ಗೇಜ್ ಹಾಕಿ ಸೆಟ್ ಮಾಡಿದ್ದಾರೆ. ಕೆಲಸ ಗೊತ್ತಿದ್ದವನೇ."

"ಗೇಜಿಗೆ ಗೊತ್ತಾಗದ್ದು ಮತ್ತೆ ಯಾರಿಗೆ ಗೊತ್ತಾಗ್ತದೆ?"

"ಕಿವಿಗೆ ಗೊತ್ತಾಗ್ತದೆ ಮೇಡಂ."

ಹೇಳಿದ ಮೇಲೆ ಅವನಿಗೆ ನಾಲಗೆ ಕಚ್ಚಿಕೊಳ್ಳುವ ಹಾಗಾಯಿತು.

ಚೈತಾಲಿ ತಲೆ ಎತ್ತಿದಳು. "ಹಾಗಾದರೆ ಶನಿವಾರ ಬೆಳಿಗ್ಗೆ? ಬಸ್ಸು ಹೊರಡುವಾಗ ಸೌಂಡ್ ಉಂಟು ಅಂತ ಯಾರಾದರೂ ಹೇಳಿದ್ದರಾ?"

"ಇಲ್ಲ ಮೇಡಂ," ಎಂದ ಗುಣಪಾಲ.

ಈ ಪ್ರಕರಣದಲ್ಲಿ ಅವನು ಹೇಳಿದ ಸುಳ್ಳು ಇದೊಂದೇ. ಆದರೆ ಒಬ್ಬ ಮನುಷ್ಯನನ್ನು ಮುಳುಗಿಸಲು ಅಷ್ಟು ಸಾಕಾಗಿತ್ತು.

* * *

ಹೇಳಿದ್ದ. ಜಾಬಿರ್ ಹೇಳಿದ್ದ.

ಜಾಬಿರ್ ಅಲ್ಲಿನ ಹೆಡ್ ಮೆಕ್ಯಾನಿಕ್. ಮೂವತ್ತಾರರ ಗಟ್ಟಿ ಕೆಲಸಗಾರ. ಗುರುವಾರ 'ಮನ್ವಿತಾ'ಕ್ಕೆ ಹೊಸ ರಾಕರ್ ಸೆಟ್ ಹಾಕಿದವನು ಅವನೇ. ಶನಿವಾರ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆದಾಗ ಓಡಿ ಬಂದಿದ್ದ. "ಗುಣಪಾಲಣ್ಣ, ಸಣ್ಣ ಸೌಂಡ್ ಉಂಟು. ಟಕ್ ಟಕ್ ಅಂತ. ಮೊನ್ನೆ ಇರಲಿಲ್ಲ. ಕವರ್ ತೆಗೀಲಾ?"

ಗುಣಪಾಲ ತನ್ನ ಉದ್ದ ಸ್ಕ್ರೂಡ್ರೈವರ್ ತೆಗೆದ. ತುದಿಯನ್ನು ಕವರಿನ ಮೇಲಿಟ್ಟು ಹಿಡಿಯನ್ನು ಎಡಗಿವಿಗೆ ಒತ್ತಿದ. ಬಸ್ಸಿನ ಡಾಕ್ಟ್ರು ಅಂತ ಅವನಿಗೆ ಹೆಸರು ಬಂದದ್ದೇ ಈ ಸ್ಕ್ರೂಡ್ರೈವರಿನಿಂದ. ಎಂಜಿನ್ ಮೆತ್ತಗೆ ಓಡುತ್ತಿತ್ತು, ಒಂದು ಅಪಸ್ವರ ಇಲ್ಲ. ಒಂದು ವರ್ಷದಿಂದ ಅವನ ಕೈಯಿಂದ ಹೊರಟ ಎಂಜಿನುಗಳೆಲ್ಲ ಹೀಗೆ ಮೆತ್ತಗೆಯೇ ಓಡುತ್ತಿದ್ದವು. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

"ನನ್ನ ಕಿವಿಗಿಂತ ನಿನ್ನ ಕಿವಿ ದೊಡ್ಡದಾಯ್ತಾ ಮಾರಾಯ? ಗಲ್ಫಿನ ವಿಮಾನ ಹತ್ತುವ ಮೊದಲೇ ಇಂಜಿನಿಯರ್ ಆದ್ಯಾ?"

ಸ್ಟೋರ್ ನೋಡಿಕೊಳ್ಳುವ ಪೃಥ್ವಿರಾಜ್ ಪಕ್ಕದಲ್ಲೇ ಇದ್ದ. ಹೊಟ್ಟೆ ಹಿಡಿದುಕೊಂಡು ನಕ್ಕ. ಟೆಸ್ಟ್ ಶೀಟನ್ನು ಅವನೇ ಮುಂದೆ ಹಿಡಿದ. ಗುಣಪಾಲ ಎಂದಿನಂತೆ 'ಸೌಂಡ್ ಓಕೆ' ಎಂದು ಬರೆದು ಸಹಿ ಹಾಕಿದ. ಜಾಬಿರ್ ಮುಖ ಸಣ್ಣದು ಮಾಡಿಕೊಂಡು ಹೋದ.

ಭಾನುವಾರ ಚೈತಾಲಿ ಜಾಬಿರನನ್ನು ಠಾಣೆಗೆ ಕರೆದುಕೊಂಡು ಹೋದಳು. ಅವಳ ಲೆಕ್ಕ ನೇರವಾಗಿತ್ತು. ಎಂಜಿನ್ ಮುಟ್ಟಿದವನು ಅವನು. ಇಪ್ಪತ್ತು ದಿನದಲ್ಲಿ ಕೆಲಸಕ್ಕೆಂದು ಗಲ್ಫಿನ ದಮ್ಮಾಮಿಗೆ ಹಾರುವವನೂ ಅವನು. ಹೋಗುವ ಮೊದಲು ಹೊಸ ಸೆಟ್ ಹೊರಗೆ ಮಾರಿದ್ದಾನೆ.

"ಗುಣಪಾಲರೇ, ಅವನು ಒಂದೇ ಮಾತು ಹೇಳ್ತಾ ಇದ್ದಾನೆ," ಮಧ್ಯಾಹ್ನ ಅವಳು ಫೋನಿನಲ್ಲಿ ಅಂದಳು. "ಸೌಂಡ್ ಉಂಟು ಅಂತ ನಿಮಗೆ ಹೇಳಿದ್ದೆ ಅಂತ. ಪೃಥ್ವಿರಾಜ್ ಇಲ್ಲ ಅಂತಾನೆ. ನೀವೂ ಇಲ್ಲ ಅಂತೀರಿ. ನಿಮ್ಮಂಥ ಹಿರಿಯರ ಮಾತು ಬಿಟ್ಟು ನಾನು ಅವನನ್ನು ನಂಬಲಾ? ನಾಳೆ ಮಧ್ಯಾಹ್ನ ಕೇಸಿಗೆ ಅವನ ಹೆಸರು ಸೇರ್ತದೆ."

ಕೇಸಿಗೆ ಹೆಸರು ಸೇರಿದರೆ ಪೊಲೀಸ್ ಕ್ಲಿಯರೆನ್ಸ್ ಇಲ್ಲ. ಕ್ಲಿಯರೆನ್ಸ್ ಇಲ್ಲದಿದ್ದರೆ ದಮ್ಮಾಮೂ ಇಲ್ಲ.

"ನಾಳೆ ಬೆಳಿಗ್ಗೆಯ ತನಕ ಟೈಮ್ ಕೊಡಿ ಮೇಡಂ. ಕಳ್ಳನನ್ನು ನಾನು ತೋರಿಸ್ತೇನೆ."

ಗುಣಪಾಲನ ಮನಸ್ಸಿನ ಒಳಗುಟ್ಟು ಹೇಳಿಬಿಡುವುದೇ ಒಳ್ಳೆಯದು. ಕಳ್ಳ ಸಿಕ್ಕಿದರೆ ಜಾಬಿರ್ ಬಿಡುಗಡೆಯಾಗುತ್ತಾನೆ, ತನ್ನ ಸುಳ್ಳು ಹಾಗೇ ಮುಚ್ಚಿಹೋಗುತ್ತದೆ. ಅವನು ಪತ್ತೇದಾರಿಕೆಗೆ ಇಳಿದದ್ದು ಈ ಆಸೆಯಿಂದ.

* * *

"ಇವರೇ, ಎಂತ ಮಾಡ್ತಾ ಇದ್ದೀರಿ? ಕುಕ್ಕರ್ ಮೂರು ಸೀಟಿಗೆ ಆಫ್ ಮಾಡಿ ಅಂತ ಹೇಳಿ ಹೋಗಿದ್ದೆ ಅಲ್ವಾ!"

ಹೆಂಡತಿ ರತ್ನಾವತಿ ಹಿತ್ತಲಿನಿಂದ ಓಡಿ ಬಂದಳು. ಬೇಳೆ ಅಡಿ ಹಿಡಿದು ಕರಂಚಿ ಮನೆಯೆಲ್ಲ ಹೊಗೆ. ಗುಣಪಾಲ ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿ, ಬಲಗಿವಿಯನ್ನು ಅಂಗೈಗೆ ಊರಿ ಯೋಚಿಸುತ್ತ ಕೂತಿದ್ದ, ಎಡಗಿವಿ ಒಲೆಯ ಕಡೆಗಿತ್ತು.

"ಸೀಟಿ ಆಗಲೇ ಇಲ್ಲ," ಎಂದ.

"ಏಳು ಆಯ್ತು! ನನಗೆ ಬಾವಿಕಟ್ಟೆಗೆ ಕೇಳಿತು. ಕೊಡಿಯಾಲ್‌ಬೈಲಿನ ಕಿವಿ ಡಾಕ್ಟ್ರ ಹತ್ತಿರ ಹೋಗುವ ಅಂತ ಒಂದು ವರ್ಷದಿಂದ ಬಡ್ಕೊಳ್ತಾ ಇದ್ದೇನೆ."

ಅವಳು ಪಾತ್ರೆ ತಿಕ್ಕಲು ಹೋದ ಮೇಲೆ ಗುಣಪಾಲ ಕಪಾಟಿನ ಮೇಲಿದ್ದ ಅಲಾರಂ ಗಡಿಯಾರ ತೆಗೆದುಕೊಂಡ. ಬಲಗಿವಿಗೆ ಹಿಡಿದ. ಟಿಕ್ ಟಿಕ್ ಟಿಕ್. ಎಡಗಿವಿಗೆ ಹಿಡಿದ. ಗಡಿಯಾರ ನಿಂತಿದೆಯೋ ಎಂದು ಮುಳ್ಳು ನೋಡಿದ. ಮುಳ್ಳು ಓಡುತ್ತಲೇ ಇತ್ತು.

ಒಂದು ವರ್ಷದಿಂದ ಮೆತ್ತಗಾಗಿದ್ದು ಎಂಜಿನುಗಳಲ್ಲ. ಮೂವತ್ತೈದು ವರ್ಷ ಕೈಹಿಡಿದ ಕಿವಿ ಕೆಟ್ಟಿತ್ತು, ಅದು ಅವನಿಗೆ ಅರ್ಧ ಗೊತ್ತೂ ಇತ್ತು. ಗೊತ್ತಿದ್ದೂ ಆ ಕಿವಿಯ ಮೇಲೆಯೇ ನಂಬಿಕೆ ಇಟ್ಟು ಸಹಿ ಹಾಕಿದ್ದ. ಡೆರಿಲ್‌ನ ಸೊಂಟ ನೆನಪಾಯಿತು. ಗಡಿಯಾರವನ್ನು ಹೆಂಡತಿ ನೋಡುವ ಮೊದಲು ಜಾಗದಲ್ಲಿಟ್ಟ.

* * *

ಅವನ ಮೊದಲ ಅನುಮಾನ ಬಿಡಿಭಾಗ ಮಾರುವ ಅಹ್ಮದ್ ಬಾವನ ಮೇಲೆ. ಯಾರೂ ಬದಲಾಯಿಸಿಯೇ ಇಲ್ಲವೇನೋ, ಹಳೆಯದಕ್ಕೇ ಪಾಲಿಶ್ ಹೊಡೆದು ಹೊಸತೆಂದು ಕೊಟ್ಟು, ಓಡಿದ ಮೇಲೆ ಅದು ಸುಟ್ಟು ಕಪ್ಪಾಗಿರಬಹುದು. ಬೈಕಂಪಾಡಿ ಜಂಕ್ಷನ್ನಿನ ಅಂಗಡಿ ಭಾನುವಾರವೂ ಅರ್ಧ ಶಟರ್ ಎತ್ತಿಕೊಂಡು ತೆರೆದಿತ್ತು.

"ಡೂಪ್ಲಿಕೇಟಾ? ನಾನಾ?" ಅಹ್ಮದ್ ಬಾವ ಎದ್ದೇ ನಿಂತ. "ಬನ್ನಿ ಇಲ್ಲಿ." ಬೇರೆ ಮಾಡೆಲಿನ ಒಂದು ಪೆಟ್ಟಿಗೆ ಒಡೆದು ರಾಕರ್ ಆರ್ಮ್ ಒಂದನ್ನು ಮೇಜಿನ ಮೇಲಿಟ್ಟ. ಬದಿಯಲ್ಲಿ ಸಾಸಿವೆಯಷ್ಟು ಹಸಿರು ಚುಕ್ಕೆ. "ನನ್ನ ಮಗಳು ಸಫಾಳ ನೈಲ್ ಪಾಲಿಶ್. ಪ್ರತಿ ಪೀಸಿಗೂ ನಾನೇ ಇಡ್ತೇನೆ. ಹಳೆಯದು ತಂದು ವಾಪಸ್ ತಕ್ಕೊಳ್ಳಿ ಅಂತ ಹೇಳುವವರಿದ್ದಾರೆ, ಅವರಿಗೆ ಮದ್ದು. ನೀವು ಬಿಚ್ಚಿದ್ದರಲ್ಲಿ ಚುಕ್ಕೆ ಇತ್ತಾ?"

"ಇಲ್ಲ."

"ಹಾಗಾದರೆ ಅದು ನನ್ನ ಮಾಲಲ್ಲ. ನನ್ನದು ಎಲ್ಲಿ ಹೋಯ್ತು ಅಂತ ನಿಮ್ಮ ಪೃಥ್ವಿಯನ್ನು ಕೇಳಿ. ಒಂದು ಸೆಟ್ ಕೊಂಡು ಹೋಗಿ ಮರುದಿನ ಇನ್ನೊಂದು ಕೇಳಿದ್ದಾನೆ."

ಗುಣಪಾಲನ ಬೆನ್ನು ನೆಟ್ಟಗಾಯಿತು. "ಯಾವಾಗ?"

ಅಹ್ಮದ್ ಬಾವ ಮೊಬೈಲ್ ತೆಗೆದು ವಾಟ್ಸಾಪ್ ಒತ್ತಿದ. ಗುಣಪಾಲ ಬಲಗಿವಿ ತಿರುಗಿಸಿದ. ಪೃಥ್ವಿರಾಜನ ದನಿ: "ಬಾವ, ಮನ್ವಿತಾಗೆ ಇನ್ನೊಂದು ರಾಕರ್ ಸೆಟ್ ಬೇಕು. ಸೋಮವಾರ ಬೆಳಿಗ್ಗೆಯೇ. ಮರೀಬೇಡಿ."

ಸಂದೇಶದ ಸಮಯ ಶುಕ್ರವಾರ, ಎರಡು ಗಂಟೆ ಹತ್ತು ನಿಮಿಷ.

ಗುರುವಾರ ಸಂಜೆ ಹೊಸ ಸೆಟ್ ಹಾಕಿಸಿಕೊಂಡ ಬಸ್ಸಿಗೆ ಶುಕ್ರವಾರ ಮಧ್ಯಾಹ್ನ ಇನ್ನೊಂದು ಸೆಟ್. ಅದು ಬೇಕೆಂದು ಯಾರಿಗೆ ಗೊತ್ತಿರಲು ಸಾಧ್ಯ? ಹಾಕಿದ್ದನ್ನು ತೆಗೆದವನಿಗೆ ಮಾತ್ರ.

* * *

ಅಲ್ಲಿಂದ ಅವನು ಕಾವೂರು ಕೆರೆಯ ಬಳಿ ಜಾಬಿರನ ಮನೆಗೆ ಹೋದ. ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು.

"ಶುಕ್ರವಾರ ಮಧ್ಯಾಹ್ನ ಜಾಬಿರ್ ಎಲ್ಲಿದ್ದ?"

"ಜುಮಾಕ್ಕೆ, ಮಸೀದಿಗೆ," ಎಂದರು ಅವನ ತಾಯಿ ಬೀಫಾತಿಮ್ಮ. "ಹನ್ನೆರಡೂವರೆಗೆ ಹೊರಟರೆ ಊಟ ಮಾಡಿ ಎರಡೂವರೆಗೆ ವಾಪಸ್ ಹೋಗುವುದು. ನಿಮಗೇ ಗೊತ್ತುಂಟಲ್ಲ."

ಗೊತ್ತಿತ್ತು. ಉಳಿದವರು ಒಂದರಿಂದ ಎರಡರ ತನಕ ಊಟದ ಹೋಟೆಲಿನಲ್ಲಿ. ಆ ಹೊತ್ತಿನಲ್ಲಿ ವರ್ಕ್‌ಶಾಪಿನ ಬೀಗದ ಕೈ ಸ್ಟೋರಿನವನ ಬಳಿ.

ಬೀಫಾತಿಮ್ಮ ಚಹಾ ತಂದಿಟ್ಟರು. "ಶನಿವಾರ ರಾತ್ರಿಯಿಡೀ ಒಂದೇ ಹೇಳಿಕೊಂಡಿದ್ದ ಗುಣಪಾಲಣ್ಣ. ಉಮ್ಮಾ, ನಾನು ಹೇಳಿದ್ದೆ, ಕವರ್ ತೆಗೀಲಾ ಅಂತ ಕೇಳಿದ್ದೆ ಅಂತ. ನೀವು ಪೊಲೀಸರಿಗೆ ಅದನ್ನು ಹೇಳಿರಬೇಕಲ್ಲ. ನೀವು ಹೇಳಿದರೆ ಆಯ್ತು. ನಿಮ್ಮ ಮಾತಿಗೆ ಬೆಲೆ ಉಂಟು."

ಗುಣಪಾಲ ಚಹಾ ಲೋಟವನ್ನು ಹಾಗೇ ಕೆಳಗಿಟ್ಟ. ಆ ಮುಖವನ್ನು ನೋಡಲಾರದೆ ಚಪ್ಪಲಿ ಹುಡುಕುವ ನೆವದಲ್ಲಿ ತಲೆ ತಗ್ಗಿಸಿದ. "ನಾಳೆ ಎಲ್ಲ ಸರಿ ಆಗ್ತದೆ," ಎಂದು ನೆಲಕ್ಕೆ ಹೇಳಿ ಹೊರಟ.

* * *

ಸೋಮವಾರ ಬೆಳಿಗ್ಗೆ ಒಂಬತ್ತು. ವರ್ಕ್‌ಶಾಪಿನ ಅಂಗಳದಲ್ಲಿ ಅದೇ ಮಾಲೀಕರ ಇನ್ನೊಂದು ಬಸ್ಸು 'ದೇಯಿ' ನಿಂತಿತ್ತು. ಚೈತಾಲಿ ಜಾಬಿರನನ್ನು ಜೀಪಿನಲ್ಲಿ ತಂದಿದ್ದಳು. ಎರಡು ದಿನದ ಗಡ್ಡ, ಕಣ್ಣು ಕೆಂಪು. ಅವನು ಗುಣಪಾಲನ ಕಡೆ ನೋಡಲಿಲ್ಲ.

"ಕಳೆದ ವಾರ ಎರಡೂ ಬಸ್ಸಿನ ರಾಕರ್ ಸವೆದಿತ್ತು ಮೇಡಂ," ಗುಣಪಾಲ ಶುರುಮಾಡಿದ. "ಎರಡಕ್ಕೂ ಹೊಸತು ತರಿಸಬೇಕಿತ್ತು. ಎರಡೂ ಬಂತು ಅಂತ ನಾನು ತಿಳಿದಿದ್ದೆ, ಬಂದದ್ದು ಒಂದೇ ಸೆಟ್. ಅದು ಗುರುವಾರ ಮನ್ವಿತಾಗೆ ಹೋಯ್ತು. ಶುಕ್ರವಾರ ಮನ್ವಿತಾ ಇಲ್ಲೇ ನಿಂತಿತ್ತು, ದೇಯಿಯೂ ಕವರ್ ಬಿಚ್ಚಿಕೊಂಡು ಪಕ್ಕದಲ್ಲೇ ಕಾದು ನಿಂತಿತ್ತು. ಆದರೆ ಶನಿವಾರ ಮಾಲೀಕರ ಸಂಬಂಧಿಕರ ಮದುವೆ ದಿಬ್ಬಣಕ್ಕೆ ದೇಯಿ ಹೋಗಿ ಬಂದಿದೆ. ಯಾವ ರಾಕರ್ ಹಾಕಿಕೊಂಡು?"

ಅವನು ಕವರ್ ಎತ್ತಿದ. ಹೊಳೆಯುವ ಎಂಟು ರಾಕರ್ ಆರ್ಮ್. ಬೆರಳಿನಿಂದ ಎಣ್ಣೆ ಒರೆಸಿದ. ಎಂಟರಲ್ಲೂ ಹಸಿರು ಚುಕ್ಕೆ.

ಅಹ್ಮದ್ ಬಾವನಿಂದ ಕಳಿಸಿಕೊಂಡಿದ್ದ ದನಿ ಸಂದೇಶವನ್ನು ಕೇಳಿಸಿದ. ಎಲ್ಲರ ಕಣ್ಣೂ ಪೃಥ್ವಿರಾಜನ ಮೇಲೆ ಹೋಯಿತು.

ಪೃಥ್ವಿರಾಜ್ ಬೆವರಿದ. ಆದರೆ ಸೋಲಲಿಲ್ಲ, ಜೀಪಿನ ಬಳಿಯಿಂದ ಬಸ್ಸಿನ ಹಿಂದಾಗಿ ಸುತ್ತಿ ಮುಂದೆ ಬಂದ. "ಜಾಬಿರೇ ಹೇಳಿದ್ದು ಮೇಡಂ. ದೇಯಿಗೆ ಅರ್ಜೆಂಟ್ ಉಂಟು, ಮನ್ವಿತಾದ್ದು ತೆಗೆದು ಹಾಕಿದ್ದೇನೆ, ನೀನು ಇನ್ನೊಂದು ತರಿಸು ಅಂತ. ನಾನು ತರಿಸಲಿಕ್ಕೆ ಹೇಳಿದೆ. ಅಷ್ಟೇ."

"ಸುಳ್ಳು!" ಜಾಬಿರ್ ಕೂಗಿದ. "ಆಗ ನಾನು ಮಸೀದಿಯಲ್ಲಿದ್ದೆ."

"ಹೋಗುವ ಮೊದಲೇ ಮಾಡಿರಬಹುದಲ್ಲ," ಎಂದ ಪೃಥ್ವಿರಾಜ್.

ಚೈತಾಲಿ ಉಸಿರುಬಿಟ್ಟಳು. "ಇವನ ಮಾತಿಗೆ ಅವನ ಮಾತು. ಸೆಟ್ ಎಲ್ಲಿ ಉಂಟು ಅಂತ ಗೊತ್ತಾಯ್ತು ಗುಣಪಾಲರೇ, ಕೈ ಯಾರದ್ದು ಅಂತ ಗೊತ್ತಾಗಲಿಲ್ಲ. ಮನ್ವಿತಾದಲ್ಲಿ ಹಳೆಯದು ಉಂಟು ಅಂತ ಜಾಬಿರನಿಗೆ ಗೊತ್ತಿರಲಿಲ್ಲ ಅನ್ನಲಿಕ್ಕೆ ಎಂತ ಸಾಕ್ಷಿ?"

ಸಾಕ್ಷಿ ಇತ್ತು, ಅಂಗಳದ ನಡುವೆ ಎರಡು ಕಾಲಿನ ಮೇಲೆ ನಿಂತಿತ್ತು. ರಾತ್ರಿಯಿಡೀ ಗುಣಪಾಲ ಹುಡುಕಿದ್ದು ತನ್ನ ಬಾಯಿ ತೆರೆಯದೆ ಜಾಬಿರನನ್ನು ಬಿಡಿಸುವ ದಾರಿ. ಅದು ಸಿಗಲಿಲ್ಲ. ಸುತ್ತ ಅವನ ಕೈಕೆಳಗಿನ ಹನ್ನೊಂದು ಜನ ನಿಂತಿದ್ದರು. ಬಸ್ಸಿನ ಡಾಕ್ಟ್ರು ಅಂತ ಕರೆದವರು.

"ಜಾಬಿರ್ ನನಗೆ ಹೇಳಿದ್ದ ಮೇಡಂ," ಎಂದ. ದನಿ ಅವನಿಗೇ ಗುರುತು ಸಿಗಲಿಲ್ಲ. "ಶನಿವಾರ ಬೆಳಿಗ್ಗೆ ಬಂದು ಸೌಂಡ್ ಉಂಟು, ಮೊನ್ನೆ ಇರಲಿಲ್ಲ, ಕವರ್ ತೆಗೀಲಾ ಅಂತ ಕೇಳಿದ. ಹಳೆಯದು ಇಟ್ಟವನೇ ಆದರೆ ಫೋರ್‌ಮನ್ ಎದುರು ಕವರ್ ತೆಗೀತೇನೆ ಅಂತಾನಾ? ಅವನಿಗೆ ಗೊತ್ತಿರಲಿಲ್ಲ. ನಾನು ಅವನಿಗೆ ತಮಾಷೆ ಮಾಡಿ ಓಡಿಸಿದೆ. ನಿಮ್ಮ ಹತ್ತಿರ ಸುಳ್ಳು ಹೇಳಿದೆ."

"ಯಾಕೆ?" ಚೈತಾಲಿಯ ದನಿ ತಣ್ಣಗಿತ್ತು.

"ನನಗೆ ಎಡಗಿವಿ ಕೇಳುವುದಿಲ್ಲ. ಒಂದು ವರ್ಷ ಆಯ್ತು. ಆ ಟಕ್ ಟಕ್ ನನಗೆ ಕೇಳಲೇ ಇಲ್ಲ. ಕಿವುಡ ಫೋರ್‌ಮನ್ ಅಂತ ಹೇಳ್ತಾರೆ ಅಂತ ನಾಚಿಕೆ ಆಯ್ತು ಮೇಡಂ. ನನ್ನ ನಾಚಿಕೆ ಮುಚ್ಚಲಿಕ್ಕೆ ಇವನನ್ನು ಠಾಣೆಯಲ್ಲಿ ಕೂರಿಸಿದೆ."

ಅಂಗಳದಲ್ಲಿ ಗುಸುಗುಸು ಎದ್ದಿತು. ಒಬ್ಬ ಬಾಯಿ ಮೇಲೆ ಕೈ ಇಟ್ಟ. ಇನ್ನೊಬ್ಬ ಪಕ್ಕದವನ ಮುಖ ನೋಡಿದ. ಗುಣಪಾಲ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತ ಬಂದ. ಬೆಚ್ಚಿಬೀಳದ ಮುಖ ಒಂದೇ ಇತ್ತು.

"ಪೃಥ್ವಿ, ನಿನಗೆ ಆಶ್ಚರ್ಯ ಆಗಲಿಲ್ಲ."

"ನನಗೆ ಹೇಗೆ ಗೊತ್ತಾಗಬೇಕು ಗುಣಪಾಲಣ್ಣ?"

"ಒಂದು ವರ್ಷದಿಂದ ನನ್ನ ಹತ್ತಿರ ಮಾತಾಡಲಿಕ್ಕೆ ಸುತ್ತು ಹಾಕಿ ಬಲಗಡೆಗೇ ಬರ್ತೀ. ಗೌರವ ಅಂತ ತಿಳಿದಿದ್ದೆ. ಈಗ ನೀನು ಜೀಪಿನ ಹತ್ತಿರ ಇದ್ದೆ, ನನ್ನ ಎಡಕ್ಕೆ. ಮಾತು ಶುರುಮಾಡುವಾಗ ಬಸ್ಸಿನ ಹಿಂದಿನಿಂದ ಹಾದು ಬಂದು ಎಲ್ಲಿ ನಿಂತೆ ನೋಡಿಕೋ."

ಪೃಥ್ವಿರಾಜ್ ತನ್ನ ಕಾಲು ನೋಡಿಕೊಂಡ. ಗುಣಪಾಲನ ಬಲಭುಜದಿಂದ ಎರಡೇ ಹೆಜ್ಜೆ.

"ಸ್ಟೋರಿಗೆ ಹೋಗುವ ಮೊದಲು ನೀನೂ ಮೆಕ್ಯಾನಿಕ್ಕೇ ಆಗಿದ್ದೆ. ಒಂದು ಗಂಟೆಯಲ್ಲಿ ಸೆಟ್ ಬದಲಾಯಿಸಿ ಗೇಜ್ ಹಾಕ್ಲಿಕ್ಕೆ ಈ ವರ್ಕ್‌ಶಾಪಿನಲ್ಲಿ ಬರುವುದು ಮೂರು ಜನಕ್ಕೆ. ನಾನು, ಜಾಬಿರ್, ನೀನು. ಶುಕ್ರವಾರ ಒಂದು ಗಂಟೆಗೆ ನಾನು ಇವರೆಲ್ಲರ ಜೊತೆ ಊಟಕ್ಕೆ ಕೂತಿದ್ದೆ. ಜಾಬಿರ್ ಮಸೀದಿಯಲ್ಲಿ. ಶನಿವಾರ ಅವನು ಸೌಂಡ್ ಉಂಟು ಅಂದಾಗ ನೀನು ಹೆದರಬೇಕಿತ್ತು. ನಕ್ಕೆ. ಸ್ಕ್ರೂಡ್ರೈವರ್ ಯಾವ ಕಿವಿಗೆ ಹೋಗ್ತದೆ ಅಂತ ನಿನಗೆ ಗೊತ್ತಿತ್ತು."

ಪೃಥ್ವಿರಾಜ್ ಬಸ್ಸಿನ ಮೆಟ್ಟಿಲ ಮೇಲೆ ಕೂತ. "ದೇಯಿಗೆ ಸೆಟ್ ಹೇಳಲಿಕ್ಕೆ ಮರೆತೇ ಹೋಗಿತ್ತು. ಬಾವನ ಹತ್ತಿರ ಸೋಮವಾರದ ತನಕ ಬೇರೆ ಸೆಟ್ ಇರಲಿಲ್ಲ. ದಿಬ್ಬಣ ತಪ್ಪಿದರೆ ಮಾಲೀಕರು ಸುಮ್ಮನಿರ್ತಾರಾ? ಎರಡು ದಿನದ ಮಾತು ಅಂತ ಮಾಡಿದೆ. ಸೋಮವಾರ ಹೊಸತು ಹಾಕುವ ಅಂತಲೇ ಇದ್ದೆ. ಒಂದರಲ್ಲಿ ಬಿರುಕು ಉಂಟು ಅಂತ ನೋಡಲಿಲ್ಲ." ಅವನು ತಲೆ ಎತ್ತಿದ. "ನಿಮಗೆ ಕೇಳುವುದಿಲ್ಲ ಅಂತ ಧೈರ್ಯ ಇತ್ತು ಗುಣಪಾಲಣ್ಣ."

ಕಪಾಳಕ್ಕೆ ಹೊಡೆದಿದ್ದರೂ ಗುಣಪಾಲನಿಗೆ ಅಷ್ಟು ಉರಿಯುತ್ತಿರಲಿಲ್ಲ.

* * *

ಪೃಥ್ವಿರಾಜ್ ಜೀಪು ಹತ್ತಿದ. ಸುಳ್ಳು ಹೇಳಿಕೆಗೆ ಗುಣಪಾಲನೂ ಮಧ್ಯಾಹ್ನ ಠಾಣೆಗೆ ಬರಬೇಕೆಂದು ಚೈತಾಲಿ ಹೇಳಿದಳು. ಬರುತ್ತೇನೆ ಎಂದ. ಜಾಬಿರನ ಮೊಬೈಲನ್ನು ಅವಳು ಅಲ್ಲೇ ವಾಪಸ್ ಕೊಟ್ಟಳು.

ಜಾಬಿರ್ ಗೇಟಿನ ಕಡೆ ನಡೆದ. ಗುಣಪಾಲ ಹಿಂದೆ ಹೋದ. "ನಂದು ತಪ್ಪಾಯ್ತು ಜಾಬಿರ್," ಎಂದ. ಜಾಬಿರ್ ನಿಂತ. ಅವನು ಗುಣಪಾಲನ ಎಡಗಡೆಯಲ್ಲಿದ್ದ. ತುಟಿ ಅಲುಗಾಡಿದ್ದು ಕಂಡಿತು, ಮಾತು ಕೇಳಲಿಲ್ಲ.

ಒಂದು ವರ್ಷದಿಂದ ಇಂಥ ಹೊತ್ತಿನಲ್ಲಿ ಗುಣಪಾಲ ತಲೆ ಆಡಿಸಿ ನಗುತ್ತಿದ್ದ. ಇವತ್ತು ಆಗಲಿಲ್ಲ.

"ನನಗೆ ಕೇಳಲಿಲ್ಲ. ಇನ್ನೊಂದು ಸಲ ಹೇಳು."

ಜಾಬಿರ್ ಬಲಗಡೆಗೆ ಬರಲಿಲ್ಲ. ಇದ್ದಲ್ಲೇ ನಿಂತು, ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದ. "ಸೌಂಡ್ ಉಂಟು ಅಂತ ಹೇಳಿದ್ದೆ, ಗುಣಪಾಲಣ್ಣ."

"ಹೌದು," ಎಂದ ಗುಣಪಾಲ. "ನೀನು ಹೇಳಿದ್ದೆ."